ಮಾಳಿಗಿ ಮ್ಯಾಲಿಂದ ಧ್ರುವ ನಕ್ಷತ್ರ ಕಾಣಂಗಿಲ್ಲ, ಟ್ರ್ಯಾಕರ್ ಅಲೈನ್ ಮಾಡೋದು ಹೆಂಗ?

ವಿದ್ಯಾನಗರ_ಮಾಳಿಗಿ:
ಊರು ಹುಬ್ಬಳ್ಳಿ. ಕ್ಯಾನನ್ 1500ಡಿ (ಮಾಡಿಫೈ ಮಾಡ್ಸಿಲ್ಲ, ಅಂದ್ರ ಸೆನ್ಸರ್ ಮುಂದಿನ ಫಿಲ್ಟರ್ ತಗಸಿಲ್ಲ), 55-250 ಲೆನ್ಸ್ 200 ಎಂಎಂಗೆ, ಕೆಳಗ ಸಣ್ಣ ಸ್ಟಾರ್ ಟ್ರ್ಯಾಕರ್ (ಚುಕ್ಕಿ ಸರದಂಗ ಕ್ಯಾಮೆರಾ ತಿರುಗಸೋ ಯಂತ್ರ, ಅದರ ಅಕ್ಷ ಧ್ರುವ ನಕ್ಷತ್ರದ ಕಡೆ ಅಲೈನ್ ಆಗಿರಬೇಕು). ಗುರಿ ಎಂ42, ಓರಿಯನ್ ನೀಹಾರಿಕೆ. ಐಎಸ್‌ಒ 800, 60 ಸೆಕೆಂಡ್ ಇಟ್ರ ಚುಕ್ಕಿ 4-5 ಪಿಕ್ಸೆಲ್ ಉದ್ದ ಗೆರಿ ಆಗ್ತಾವ. ಉತ್ತರಕ್ಕ ಬಾಜೂ ಮನಿ ನೀರಿನ ಟಾಕಿ ಅಡ್ಡ, ಅದಕ್ಕ ಫೋನ್ ಕಂಪಾಸ್ ನೋಡಿ ನಿಲ್ಲಸೇನಿ. ದೋಷ ಟ್ರ್ಯಾಕರಿಂದೋ ಅಲೈನ್‌ಮೆಂಟಿಂದೋ? ನೀಹಾರಿಕೆ ನಡುವ ಬೆಳ್ಳಗ ಸುಟ್ಟಂಗ ಆಗೇದ, ಸುತ್ತಲಿನ ಕೆಂಪೂ ಬರವಲ್ದು.

ಮುಳಗುಂದ_ಕತ್ತಲು:
ಮೊದ್ಲ ಗೆರಿ ದಿಕ್ಕು ನೋಡ್ರಿ. ಟ್ರ್ಯಾಕರ್ ಬಂದ್ ಮಾಡಿ, ಕ್ಯಾಮೆರಾ ಅಲುಗಿಸದ 20 ಸೆಕೆಂಡಿಂದು ಒಂದು ಫೋಟೋ ತಗೀರಿ. ಅದರಾಗ ಬೀಳೋ ಉದ್ದ ಗೆರಿನೇ ಪೂರ್ವ-ಪಶ್ಚಿಮ. ನಿಮ್ಮ 60 ಸೆಕೆಂಡಿನ ಗೆರಿ ಅದಕ್ಕ ಅಡ್ಡ ಇದ್ರ ಅಲೈನ್‌ಮೆಂಟ್ ತಪ್ಪೇದ. ಅದೇ ದಿಕ್ಕಿನಾಗಿದ್ದು, ಒಂದು ಫೋಟೋದಾಗ ಉದ್ದ ಇನ್ನೊಂದರಾಗ ಗಿಡ್ಡ ಬಂದ್ರ ಒಳಗಿನ ವರ್ಮ್ ಗೇರಿನ (ಚಕ್ರ ತಿರುಗಸೋ ಸ್ಕ್ರೂನಂಥ ಗೇರು) ಏರಿಳಿತ. 144 ಹಲ್ಲಿನ ಚಕ್ರ ಇದ್ರ ಅದು ಸುಮಾರು 10 ನಿಮಿಷಕ್ಕೊಮ್ಮೆ ತಿರುಗಿ ಬರ್ತದ.

ಲೆಕ್ಕ ಹಾಕಿದ್ರ ನನಗ ಅಲೈನ್‌ಮೆಂಟ್ ಮ್ಯಾಲೇ ಅನುಮಾನ. ನಿಮ್ಮ ಸೆನ್ಸರಿನ ಪಿಕ್ಸೆಲ್ 3.7 ಮೈಕ್ರಾನ್. 206 × 3.7 ÷ 200 (206 ಅಳತಿ ಬದಲಿಸೋ ಸ್ಥಿರಾಂಕ, 200 ಲೆನ್ಸಿಂದು), ಅಂದ್ರ ಪಿಕ್ಸೆಲ್ಲಿಗೆ 3.8 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ). ಅಕ್ಷ ಒಂದು ಡಿಗ್ರಿ ತಪ್ಪಿದ್ರ ಚುಕ್ಕಿ ನಿಮಿಷಕ್ಕ ಹೆಚ್ಚಂದ್ರ 15.7 ಆರ್ಕ್‌ಸೆಕೆಂಡ್ ಜಾರ್ತದ, ಅದೇ 4 ಪಿಕ್ಸೆಲ್. ತಪ್ಪು ಒಂದು ಡಿಗ್ರಿಯ ಆರನೇ ಒಂದು ಭಾಗಕ್ಕ ಇಳಿದ್ರ ಒಂದು ಪಿಕ್ಸೆಲ್ಲೂ ಜಾರಂಗಿಲ್ಲ. ಸ್ಲ್ಯಾಬಿನೊಳಗ ಕಬ್ಬಿಣದ ಸಳಿ ಇರ್ತಾವ. ಮಾಳಿಗಿ ಮ್ಯಾಲೆ ಕಂಪಾಸ್ ನಂಬಬ್ಯಾಡ್ರಿ.

ಹಾವೇರಿ_ಏಲಕ್ಕಿ:
ಕಂಪಾಸ್ ಬದಲು ಸೂರ್ಯನನ್ನೇ ಹಿಡಿಯಿರಿ. ಗೌಂಡಿಗಳ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಹುಬ್ಬಳ್ಳಿ ಇರುವುದು 75.1 ಡಿಗ್ರಿ ರೇಖಾಂಶದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5ರ ಲೆಕ್ಕದಲ್ಲಿ. ಹಾಗಾಗಿ ನಿಜವಾದ ನಡುಮಧ್ಯಾಹ್ನ ಸುಮಾರು ಅರ್ಧ ಗಂಟೆ ತಡ: ಡಿಸೆಂಬರ್ 25ರ ಆಸುಪಾಸು 12:30ಕ್ಕೆ, ಫೆಬ್ರವರಿ ಎರಡನೇ ವಾರದಲ್ಲಿ 12:44ಕ್ಕೆ. ಆ ನಿಮಿಷದಲ್ಲಿ ದಾರದ ನೆರಳು ಬಿದ್ದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ, ಅದೇ ಉತ್ತರ-ದಕ್ಷಿಣ. ಡಿಸೆಂಬರಿನಲ್ಲಿ ಒಂದು ನಿಮಿಷ ಆಚೀಚೆಯಾದರೂ ಗೆರೆ ಮೂರನೇ ಒಂದು ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ, ಫೋನಿನ ಸಮಯವನ್ನೇ ನೋಡಿ. ಅಕ್ಷದ ಎತ್ತರಕ್ಕೆ ಫೋನಿನ ಲೆವೆಲ್ ಆ್ಯಪ್ ಸಾಕು: ಹುಬ್ಬಳ್ಳಿಗೆ 15.4 ಡಿಗ್ರಿ, ಹಾವೇರಿಗೆ 14.8.

ಉಳಿದ ತಪ್ಪನ್ನು ಡ್ರಿಫ್ಟ್ ವಿಧಾನದಿಂದ, ಅಂದರೆ ಚುಕ್ಕಿ ಜಾರುವ ದಿಕ್ಕು ನೋಡಿ ಅಕ್ಷ ಸರಿಪಡಿಸುತ್ತಾ, ತೆಗೆಯಿರಿ. ಓರಿಯನ್ ನಡುಪಟ್ಟಿಯ ಮೂರರಲ್ಲಿ ಮೊದಲು ಹುಟ್ಟುವ ಮಿಂಟಾಕ ಹೆಚ್ಚುಕಡಿಮೆ ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ಗೆರೆ) ಮೇಲೇ ಇದೆ. ಡಿಸೆಂಬರ್ ನಡುವಿನಲ್ಲಿ ರಾತ್ರಿ 8ಕ್ಕೆ ಅದು ಪೂರ್ವದಲ್ಲಿ 23 ಡಿಗ್ರಿ ಎತ್ತರದಲ್ಲಿರುತ್ತದೆ. ಟ್ರ್ಯಾಕರ್ ಓಡುತ್ತಿರುವಾಗಲೇ 5 ನಿಮಿಷ ಬಿಟ್ಟು ಎರಡು ಫೋಟೋ ತೆಗೆದು ಹೋಲಿಸಿ. ಚುಕ್ಕಿ ದಕ್ಷಿಣಕ್ಕೆ ಜಾರಿದ್ದರೆ ಅಕ್ಷ ತಗ್ಗಿದೆ, ಎತ್ತಿ. ಉತ್ತರಕ್ಕೆ ಜಾರಿದ್ದರೆ ಇಳಿಸಿ. ನಡುರಾತ್ರಿ 12:25ರ ಹೊತ್ತಿಗೆ ಅದೇ ಚುಕ್ಕಿ ಮಧ್ಯಾಹ್ನರೇಖೆಗೆ (ಆಕಾಶದ ಉತ್ತರ-ದಕ್ಷಿಣ ಗೆರೆಗೆ) ಬಂದಾಗ ಮತ್ತೆ ನೋಡಿ. ಈಗ ದಕ್ಷಿಣಕ್ಕೆ ಜಾರಿದರೆ ಅಕ್ಷದ ತುದಿ ಪೂರ್ವಕ್ಕೆ ಹೆಚ್ಚು ತಿರುಗಿದೆ ಎಂದರ್ಥ. ಸ್ಕ್ರೂ ಬಿಗಿ ಮಾಡುವಾಗಲೇ ಅಕ್ಷ ಕದಲುವುದು ಮಾಮೂಲು. ಬಿಗಿದ ಮೇಲೆ ಇನ್ನೊಮ್ಮೆ ನೋಡದೆ ಬಿಡಬೇಡಿ.

ಸಾಧನಕೇರಿ_ಸ್ಟ್ಯಾಕ್:
ನಡುವ ಸುಟ್ಟಿದ್ದಕ್ಕ ಒಂದೇ ಎಕ್ಸ್‌ಪೋಶರ್ ಸಾಲಂಗಿಲ್ಲ. 60 ಸೆಕೆಂಡಿನವು ನೂರು, ಅದರ ಜೋಡಿ 5 ಸೆಕೆಂಡಿನವು ಮೂವತ್ತು ತಗೀರಿ. ಸಿರಿಲ್‌ ಅನ್ನೋ ಸಾಫ್ಟ್‌ವೇರ್‌ದಾಗ ಬ್ಯಾರೆ ಬ್ಯಾರೆ ಸ್ಟ್ಯಾಕ್ ಮಾಡಿ (ಒಂದರ ಮ್ಯಾಲೊಂದು ಕೂಡಿಸಿ), ನಡುವಿನ ಭಾಗ ಅಷ್ಟ 5 ಸೆಕೆಂಡಿನದರಿಂದ ತಗೊಂಡು ಕೂಡಸ್ರಿ. ಫ್ಲ್ಯಾಟ್ (ಲೆನ್ಸಿನ ಧೂಳು, ಅಂಚಿನ ಕತ್ತಲು ಸರಿಮಾಡೋ ಫೋಟೋ) ತಗಿಯೋದು ಮರೀಬ್ಯಾಡ್ರಿ: ಲೆನ್ಸಿಗೆ ಬಿಳಿ ಬನಿಯನ್ ಸುಕ್ಕಿಲ್ಲದಂಗ ಎಳದು ಕಟ್ಟಿ, ನಸುಕಿನ ಆಕಾಶದ ಕಡೆ ಹಿಡೀರಿ, ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ಅರ್ಧಕ್ಕ ಬರೂವಂಗ. ಫೋಕಸ್ ಮುಟ್ಟೂದಕ್ಕಿಂತ ಮೊದ್ಲೇ ಇದು ಮುಗೀಬೇಕು.

ಕೆಂಪು ಅಂದ್ರ ಹೈಡ್ರೋಜನ್ನಿಂದು, 656 ನ್ಯಾನೋಮೀಟರ್. ಕಂಪನಿಯವರು ಸೆನ್ಸರ್ ಮುಂದ ಹಾಕಿದ ಫಿಲ್ಟರು ಅದರ ಹೆಚ್ಚಿನ ಪಾಲು ತಡೀತದ. ಎಂ42 ಪ್ರಕಾಶ ಜಾಸ್ತಿ, ತಾಸು ಎರಡು ತಾಸು ಕೂಡಿಸಿದ್ರ ಗುಲಾಬಿ ಬಂದೇ ಬರ್ತದ. ಕುದುರೆತಲೆ ನೀಹಾರಿಕೆಗೆ ಈಗ ಕೈ ಹಾಕಬ್ಯಾಡ್ರಿ. ಎಲ್‌ಇಡಿ ಬೀದಿದೀಪದ ಕೆಳಗ ಲೈಟ್ ಪೊಲ್ಯೂಷನ್ ಫಿಲ್ಟರಿಗೆ ರೊಕ್ಕ ಹಾಕೋದೂ ದಂಡ. ಆ ಬೆಳಕು ಎಲ್ಲಾ ಬಣ್ಣದಾಗೂ ಹರಡಿರ್ತದ. ಆ್ಯಂಡ್ರೊಮಿಡಾದಂಥ ಗ್ಯಾಲಕ್ಸಿಗೆ ಊರು ಬಿಟ್ಟು ಹೋಗೋದೇ ಸೈ. ಗದಗ ಕಡೆ ಕಪ್ಪತಗುಡ್ಡ ವನ್ಯಜೀವಿಧಾಮ ಅದ, ರಾತ್ರಿ ಒಳಗ ನಿಲ್ಲಾಕ ಆಗಂಗಿಲ್ಲ. ಹೊರಗಿನ ಹೊಲದಾಗ ಮಾಲಕರನ್ನ ಕೇಳಿ ನಿಲ್ಲಸ್ರಿ, ಗಾಳಿಯಂತ್ರದ ಕೆಂಪು ದೀಪ ಫ್ರೇಮಿಗೆ ಬರದಂಗ.

ವಿದ್ಯಾನಗರ_ಮಾಳಿಗಿ:
ನೋಡಿದೆರಿ, ಗೆರಿ ಅಡ್ಡ ಅದ. ಅಲೈನ್‌ಮೆಂಟೇ ಹಂಗಾರ. ಆದ್ರ ಅಕ್ಷ 15ಕ್ಕ ಇಳಿಸಿದ್ರ ಕೌಂಟರ್‌ವೇಟ್ (ಕ್ಯಾಮೆರಾಕ್ಕ ಸರಿತೂಗೋ ಭಾರ) ಸರಳು ಟ್ರೈಪಾಡ್ ಕಾಲಿಗೆ ಬಡೀತದ.

ಮುಳಗುಂದ_ಕತ್ತಲು:
ನಮ್ಮ ಅಕ್ಷಾಂಶಕ್ಕ ಇದು ಇದ್ದದ್ದೇ. ಟ್ರೈಪಾಡ್ ಮ್ಯಾಲೆ ಎಕ್ಸ್‌ಟೆನ್ಷನ್ ಕೊಳವಿ ಹಾಕಿ ಎತ್ತರಸ್ರಿ. ಭಾರ ಪೂರಾ ಉತ್ತರಕ್ಕ ವಾಲ್ತದ, ಅದಕ್ಕ ಒಂದು ಕಾಲು ಚಾಕ್ ಗೆರಿ ಮ್ಯಾಲೇ ಉತ್ತರಕ್ಕಿರಲಿ, ಇಲ್ಲಂದ್ರ ಕ್ಯಾಮೆರಾ ಸಮೇತ ಮಗುಚ್ತದ. ಕೊಳವಿ ಹಾಕಿಂದ ಡ್ರಿಫ್ಟ್ ಮತ್ತ ಮೊದಲಿಂದ.