ಒಂದು ವೋಟಿಗಾಗಿ ಬೆಂಗಳೂರಿಂದ ಕುಮಟಾಕ್ಕೆ ಬರಬೇಕಾ?

ಅಘನಾಶಿನಿ ಹುಡುಗ:
ಮನೆ ಕುಮಟಾ ಹತ್ತಿರ, ಕೆಲಸ ಬೆಂಗಳೂರಲ್ಲಿ. ಮೊನ್ನೆ ಮತದಾರರ ಪಟ್ಟಿ ನೋಡಿಕೊಳ್ಳೋ ಬಿಎಲ್‌ಓ ಬಂದು "ಮಗನ ಹೆಸರು ಇಲ್ಲೇ ಇರಲಾ, ತೆಗೆಯಲಾ?" ಅಂತ ಅಮ್ಮನನ್ನು ಕೇಳಿದರಂತೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. 2024ರ ಮೇ 7ರಂದು ಲೋಕಸಭೆ ಚುನಾವಣೆಗೆ ನಾನು ಊರಿಗೆ ಹೋಗಿರಲಿಲ್ಲ. ಮಂಗಳವಾರ ಮತದಾನ, ಬಸ್ ಟಿಕೆಟ್ ದುಬಾರಿ. ಹೋಗದ್ದಕ್ಕೆ ಬೇಜಾರೂ ಇಲ್ಲ. ದೊಡ್ಡಪ್ಪನಿಗೆ ಎದೆನೋವು ಬಂದಾಗ ಹತ್ತಿರ ದೊಡ್ಡ ಆಸ್ಪತ್ರೆ ಇಲ್ಲದೆ ಮಂಗಳೂರಿಗೇ ಓಡಬೇಕಾಯ್ತು. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಆಗ "ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ" ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಕೂಗೆಬ್ಬಿಸಿದ್ದು ನೆನಪಿದೆ ಅಲ್ವಾ? ನನಗೆ ಅದೇ ಸರಿ ಅನ್ನಿಸುತ್ತದೆ. ನೀವೇನಂತೀರಿ?

ಬೈತಖೋಲ ಬೋಟು:
ಒಂದು ವೋಟಿಂದ ಏನಾಗುತ್ತೆ ಅಂತ ಕುಮಟಾದವರು ಕೇಳಬಾರದು ಮಾರಾಯ. 2023ರ ವಿಧಾನಸಭೆ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಗೆಲುವಿನ ಅಂತರ 676 ವೋಟು. ಅದೇ ವರ್ಷ ಬೆಂಗಳೂರಿನ ಜಯನಗರದಲ್ಲಿ 16. 2004ರಲ್ಲಿ ಸಂತೇಮರಹಳ್ಳಿಯಲ್ಲಂತೂ ಒಂದೇ ಒಂದು. ಮೀನುಗಾರರಿಗೆ ಮೇ ತಿಂಗಳು ಅಂದ್ರೆ ಮಳೆಗಾಲಕ್ಕೆ ಬೋಟು ನಿಲ್ಲಿಸೋ ಮುಂಚಿನ ದುಡಿಮೆಯ ದಿನಗಳು. ಆದ್ರೂ ನಾವು ಬಂದರಿಗೆ ವಾಪಸ್ ಬಂದು ವೋಟು ಹಾಕ್ತೇವೆ.

ಸಿರ್ಸಿ ಅಕ್ಕೋರು:
ತಮಾ, ಆ 676ರ ಲೆಕ್ಕ ನಿಜ. ಆದರೆ ಹೆಚ್ಚಿನ ಕಡೆ ಅಂತರ ಸಾವಿರಗಟ್ಟಲೆ ಇರುತ್ತದೆ. ಹಾಗಂತ ಅಲ್ಲಿಯವರು ಮನೆಯಲ್ಲಿ ಮಲಗಬಹುದಾ? ನಾನು ಬೇರೆಯದೇ ಹೇಳ್ತೇನೆ.

ಹೈಸ್ಕೂಲಿನಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು ನಾನು. ಚುನಾವಣೆ ಡ್ಯೂಟಿ ತಪ್ಪಿಸಲು ಡಾಕ್ಟರ್ ಸರ್ಟಿಫಿಕೇಟ್ ಹುಡುಕೋರು ಬೇಕಾದಷ್ಟಿದ್ದರು. ನನಗೆ ಮಾತ್ರ ಅದು ಇಷ್ಟ. ಮಸ್ಟರಿಂಗ್ ಅಂದ್ರೆ ಮತದಾನದ ಸಾಮಾನು ಪಡೆಯೋ ಕೆಲಸ ಮುಗಿಸಿ, ಮಷಿನ್ ಹಿಡಿದು ಬಸ್ ಹತ್ತಿ, ಘಟ್ಟದ ಯಾವುದೋ ಶಾಲೆಗೆ ಹೋಗೋದು. ರಾತ್ರಿ ಬೆಂಚಿನ ಮೇಲೆ ನಿದ್ದೆ, ಸೊಳ್ಳೆ ಬೇರೆ. ಬೆಳಿಗ್ಗೆ ಪಕ್ಷಗಳ ಏಜೆಂಟರ ಎದುರು ಕಡಿಮೆ ಅಂದ್ರೂ 50 ವೋಟಿನ ಅಣಕು ಮತದಾನ. ಅದನ್ನು ಅಳಿಸಿ, ಸೀಲ್ ಹಾಕಿ, 7 ಗಂಟೆಗೆ ಶುರು.

ಸಂಜೆ ಮಷಿನ್ ಮುಚ್ಚಿದ ಮೇಲೆ 17ಸಿ ಅಂತ ಒಂದು ಫಾರ್ಮ್ ತುಂಬಬೇಕು. ಬೂತಿನ ಪಟ್ಟಿಯಲ್ಲಿ ಎಷ್ಟು ಹೆಸರು, ಬಂದವರೆಷ್ಟು ಅಂತ. ಅದರ ಪ್ರತಿ ಏಜೆಂಟರ ಕೈಗೂ ಹೋಗುತ್ತದೆ. ಎಣಿಕೆ ಆದಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅನ್ನೋದು ಫಾರ್ಮ್ 20ರಲ್ಲಿ ಸಿಗುತ್ತದೆ. ನೀನು ಯಾವ ಗುಂಡಿ ಒತ್ತಿದೆ ಅಂತ ಯಾರಿಗೂ ತಿಳಿಯೋದಿಲ್ಲ. ನಿಮ್ಮೂರಿನವರು ಬಂದರಾ ಇಲ್ಲವಾ ಅನ್ನೋದು ಎಲ್ಲ ಪಕ್ಷಕ್ಕೂ ತಿಳಿಯುತ್ತದೆ. ಯಾವ ಊರಿಗೆ ಹಳ್ಳ ದಾಟೋ ಕಾಲುಸಂಕ ಕಟ್ಟಿಸಬೇಕು, ಯಾವ ಊರಿಗೆ ಬರೀ ಕೈಮುಗಿದರೆ ಸಾಕು ಅಂತ ಆ ಕಾಗದ ನೋಡಿಯೇ ಲೆಕ್ಕ ಹಾಕ್ತಾರೆ.

ಆ 17ಸಿಯಲ್ಲಿ "ಆಸ್ಪತ್ರೆ ಇಲ್ಲ" ಅಂತ ಬರೆಯೋಕೆ ಜಾಗ ಇಲ್ಲ ತಮಾ. ಸಿಟ್ಟಿನಿಂದ ಬಾರದವನೂ ಒಂದೇ, ಮದುವೆ ಊಟಕ್ಕೆ ಹೋದವನೂ ಒಂದೇ. ಸಿಟ್ಟು ತೋರಿಸಲೇಬೇಕು ಅಂದ್ರೆ 2013ರಿಂದ ನೋಟಾ ಇದೆ, ಈ ಅಭ್ಯರ್ಥಿಗಳಲ್ಲಿ ಯಾರೂ ಬೇಡ ಅನ್ನೋ ಗುಂಡಿ. ಅದು ಎಷ್ಟೇ ಬಿದ್ದರೂ ಜಾಸ್ತಿ ವೋಟು ಬಂದ ಅಭ್ಯರ್ಥಿಯೇ ಗೆಲ್ಲೋದು, ಅದೂ ಗೊತ್ತಿರಲಿ. ಆದರೆ ಎಣಿಕೆಯಲ್ಲಿ ಬರುತ್ತದೆ.

ಇನ್ನೊಂದು. ಒಂದು ಸಲ ಮಧ್ಯಾಹ್ನ ಗೋವಾದಿಂದ ಹುಡುಗನೊಬ್ಬ ಬಂದ. ಪಟ್ಟಿ ನೋಡಿದರೆ ಅವನ ಹೆಸರಿಗೆ ಆಗಲೇ ಗೆರೆ ಎಳೆದಿತ್ತು. ಯಾರೋ ಹಾಕಿ ಹೋಗಿದ್ದರು. ಹಿಂದೆಲ್ಲ ಅವನು ಬಂದೇ ಇರಲಿಲ್ಲವಂತೆ, ಅದು ಊರಿಗೆಲ್ಲ ಗೊತ್ತಿತ್ತಂತೆ. ಗುರುತು ಖಾತ್ರಿ ಮಾಡಿಕೊಂಡು ಟೆಂಡರ್ ವೋಟು ಕೊಟ್ಟೆವು, ಅಂದ್ರೆ ತನ್ನ ಹೆಸರಲ್ಲಿ ಬೇರೆಯವರು ಹಾಕಿದ್ದರೆ ಕಾಗದದ ಮೇಲೆ ಹಾಕೋ ವೋಟು. ಅದು ಲಕೋಟೆಯೊಳಗೆ ಹೋಗುತ್ತದೆ, ಸಾಮಾನ್ಯವಾಗಿ ಎಣಿಕೆಗೆ ಬರೋದಿಲ್ಲ. "ಅಕ್ಕೋರೇ, ನನಗೆ ಮಷಿನ್ನೇ ಬೇಕು" ಅಂತ ಜಗಳಕ್ಕೇ ನಿಂತ. ಪಾಪ, ನನಗೆ ಬೈದ ಬೈಗುಳ ನನಗಲ್ಲ ಅಂತ ಗೊತ್ತಿತ್ತು.

ಅಘನಾಶಿನಿ ಹುಡುಗ:
17ಸಿ ವಿಷಯ ಗೊತ್ತೇ ಇರಲಿಲ್ಲ ಅಕ್ಕೋರೇ. ಆದರೆ ಒಂದು ಅನುಮಾನ. ಈ ಊರಿನ ವೋಟು ಹೇಗೂ ನಮಗೇ ಅಂತ ಒಂದು ಪಕ್ಷಕ್ಕೆ ಖಾತ್ರಿ ಆದರೆ ಇನ್ನೂ ಜಾಸ್ತಿ ಅಸಡ್ಡೆ ಮಾಡೋದಿಲ್ವಾ?

ಸಿರ್ಸಿ ಅಕ್ಕೋರು:
ಮಾಡ್ತಾರೆ. ಅಂಥ ಊರು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಬರ್ತಾರೆ, ಆದರೆ ಈ ಸಲ ಯಾರ ಕಡೆ ಅಂತ ಹೇಳೋಕಾಗೋದಿಲ್ಲ ಅನ್ನೋ ಬೂತಿಗೇ ಬೆಲೆ ಜಾಸ್ತಿ. ಆಸ್ಪತ್ರೆ ಬೇಕು ಅನ್ನೋರು ಪ್ರಚಾರಕ್ಕೆ ಬಂದ ಪ್ರತಿಯೊಬ್ಬನನ್ನೂ ಅದೇ ಕೇಳಿ, ಆಮೇಲೆ ಕ್ಯೂ ನಿಲ್ಲಬೇಕು. ಬರೀ ಕ್ಯೂ ನಿಂತರೂ ಪ್ರಯೋಜನ ಇಲ್ಲ, ಒಪ್ಪುತ್ತೇನೆ.

ಬೈತಖೋಲ ಬೋಟು:
ಹೆಸರಿನ ವಿಷಯ: ಬೆಂಗಳೂರಲ್ಲೇ ನೆಲೆ ನಿಲ್ಲೋದಾದ್ರೆ ಫಾರ್ಮ್ 8 ತುಂಬಿ ಅಲ್ಲಿಗೆ ಬದಲಾಯಿಸು. ಎರಡೂ ಕಡೆ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ. ರಜೆ ಕೊಡೋದಿಲ್ಲ ಅಂದ್ರೆ ಮ್ಯಾನೇಜರ್‌ಗೆ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ತೋರಿಸು, ಮತದಾನದ ದಿನ ಸಂಬಳದ ರಜೆ ಇದೆ. ಬಸ್ ದುಬಾರಿ ಅನ್ನೋದಕ್ಕೆ ಮಾತ್ರ ನನ್ನ ಹತ್ರ ಮದ್ದಿಲ್ಲ, ಕಾರವಾರದ ರೈಲಿಗೆ ಮುಂಚೆನೇ ಬುಕ್ ಮಾಡು.