ಆರರಿಂದ ಎಪ್ಪತ್ತರವರೆಗಿನವರು ಒಟ್ಟಿಗೆ ಕೂತರೆ ಯಾವ ಹಾಸ್ಯ ಓದಬೇಕು, ಎಷ್ಟು ಓದಬೇಕು?

ಪುಟ್ಟಕಪಾಟು:

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಸಂಜೆ ಒಂದು ಗಂಟೆ ಕನ್ನಡದ ಹಾಸ್ಯ ಬರಹಗಳನ್ನು ಗಟ್ಟಿಯಾಗಿ ಓದುವ ಏರ್ಪಾಡು ಮಾಡಿದ್ದೇವೆ. ಸುಮಾರು 20 ಜನ ಬರುತ್ತಾರೆ. ಐದಾರು ವರ್ಷದ ಮಕ್ಕಳು ನಾಲ್ವರು, ಹತ್ತರ ಆಸುಪಾಸಿನವರು ಆರು, ಹೈಸ್ಕೂಲಿನವರು ಮೂವರು, ಉಳಿದವರು ಅಪ್ಪ ಅಮ್ಮಂದಿರು ಮತ್ತು ಎಪ್ಪತ್ತು ದಾಟಿದ ಹಿರಿಯರು. ಹಿರಿಯರು ನಕ್ಕಾಗ ಮಕ್ಕಳು ಮಿಕಿಮಿಕಿ ನೋಡುತ್ತಾರೆ. ಮಕ್ಕಳದ್ದು ಓದಿದರೆ ಹೈಸ್ಕೂಲಿನವರು ಫೋನು ತೆಗೆಯುತ್ತಾರೆ. ಪದ್ಯ, ನಾಟಕ, ಪ್ರಬಂಧ, ಕಾದಂಬರಿ ಎಲ್ಲದರಲ್ಲೂ ಹಾಸ್ಯ ಇದೆಯಲ್ಲ, ಯಾವುದನ್ನು ಯಾರಿಗೆ, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಓದಬೇಕು? ಎಲ್ಲರಿಗೂ ಹಿಡಿಸುವ ಒಂದೇ ಪುಸ್ತಕ ಇದ್ದರೆ ತಿಳಿಸಿ.

ಹಿತ್ತಲಬೆಳಕು:

ಒಂದೇ ಪುಸ್ತಕ ಹುಡುಕಬೇಡಿ, ಸಿಗುವುದಿಲ್ಲ. ಕೇಳುವವರಿಗೆ ಮೊದಲೇ ಗೊತ್ತಿರುವ ಸಂಗತಿ ತಲೆಕೆಳಗಾದಾಗ ನಗು ಬರುತ್ತದೆ. ಶಾನುಭೋಗರ ದರ್ಪ ಏನೆಂದು ಗೊತ್ತಿಲ್ಲದ ಹುಡುಗನಿಗೆ ಶಾನುಭೋಗರು ಪೇಚಿಗೆ ಸಿಕ್ಕಿದ್ದು ನಗೆಯ ವಿಷಯವೇ ಅಲ್ಲ. ಹಾಗಾಗಿ ವಯಸ್ಸಿಗಿಂತ, ಈ ಬರಹ ಓದುವ ಮುಂಚೆ ಏನೇನು ಗೊತ್ತಿರಬೇಕು ಎಂಬ ಲೆಕ್ಕ ಹಾಕಿ ಆರಿಸಿ.

ಚಿಕ್ಕವರದ್ದು ಮೊದಲು, ಹತ್ತೇ ನಿಮಿಷ. ಆ ವಯಸ್ಸಿಗೆ ಸದ್ದು ಮತ್ತು ಮರುಕಳಿಕೆಯೇ ಹಾಸ್ಯ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಒಬ್ಬರು ಇನ್ನೊಬ್ಬರ ಮೇಲೆ ಹೊರಿಸುತ್ತ ಸಾಗುವ ಸರಪಳಿ ಕಥೆ. ಮೂರನೆಯ ಸುತ್ತಿಗೆ ಪ್ರಶ್ನೆಯನ್ನು ನೀವು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಮಕ್ಕಳೇ ಕೂಗುತ್ತಾರೆ. ರಾಜರತ್ನಂ ಅವರ ನಾಯಿಮರಿ ಪದ್ಯ ಪ್ರಶ್ನೋತ್ತರದ ರೂಪದಲ್ಲಿದೆ. ಪ್ರಶ್ನೆ ಅಜ್ಜಂದಿರಿಗೆ, ಉತ್ತರ ಮಕ್ಕಳಿಗೆ ಹಂಚಿದರೆ ಎರಡು ತಲೆಮಾರು ಒಂದೇ ಪದ್ಯದೊಳಗೆ ಬರುತ್ತವೆ. ‘ತುತ್ತೂರಿ’ ಪದ್ಯದಲ್ಲಿ ನಗು ಇರುವುದು ತುತ್ತೂರಿಯ ಸದ್ದು ಕೆಡುವಲ್ಲಿ. ಕೊನೆಯ ಸಾಲನ್ನು ಬುದ್ಧಿವಾದದ ಹಾಗೆ ಒತ್ತಿ ಹೇಳಿದರೆ ಮಕ್ಕಳು ತಟ್ಟನೆ ಸುಮ್ಮನಾಗುತ್ತಾರೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಖಂಡಿತ ಸೇರಿಸಿ, ಆದರೆ ಒಂದು ಎಚ್ಚರ ಬೇಕು. ಇಲಿಗಳ ಹಾವಳಿಯ ಭಾಗ ಲಯಕ್ಕೆ ಸಿಕ್ಕಿ ಕುಣಿಯುತ್ತದೆ. ಕೊನೆಯಲ್ಲಿ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿ ಮರೆಯಾಗುತ್ತಾರೆ. ಐದು ವರ್ಷದವರು ಅಲ್ಲಿ ಅಳುವುದುಂಟು. ಮೊದಲ ವಾರ ಇಲಿಗಳು ಊರು ಬಿಡುವವರೆಗೆ ಓದಿ, ಉಳಿದದ್ದನ್ನು ಎಂಟು ದಾಟಿದವರಿಗೆ ಬೇರೆ ದಿನ ಓದಿ.

ಹೊತ್ತಿನ ಲೆಕ್ಕಕ್ಕೆ ಮನೆಯಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಸಾಧಾರಣ ಅಳತೆಯ ಪುಟಕ್ಕೆ ಎರಡೂವರೆ, ಮೂರು ನಿಮಿಷ ಹಿಡಿಯುತ್ತದೆ. ಅಂದರೆ 15 ನಿಮಿಷಕ್ಕೆ ಐದು ಪುಟ, ಅದಕ್ಕಿಂತ ಹೆಚ್ಚಲ್ಲ. ನಗು ತಿನ್ನುವ ಹೊತ್ತನ್ನು ಬಿಟ್ಟಿರಬೇಕು. ಜನ ನಗುತ್ತಿರುವಾಗಲೇ ಮುಂದಿನ ಸಾಲು ಓದಿದರೆ ಆ ಸಾಲು ಯಾರಿಗೂ ಕೇಳುವುದಿಲ್ಲ, ಮುಂದಿನ ಹಾಸ್ಯದ ಬೇರು ಅದರಲ್ಲೇ ಇರಬಹುದು.

ಪರದೆಹಿಂದೆ:

ಹೈಸ್ಕೂಲಿನವರ ಕೈಯಿಂದ ಫೋನು ಇಳಿಯಬೇಕಾದರೆ ಅವರ ಕೈಗೆ ಪಾತ್ರ ಕೊಡಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಅಥವಾ ‘ಬಂಡ್ವಾಳ್ವಿಲ್ಲದ ಬಡಾಯಿ’ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆ ಕಾಲದ ಮೈಸೂರು, ಬೆಂಗಳೂರು ಮನೆಗಳ ಆಡುಮಾತು ಇಂಗ್ಲಿಷಿನ ಜೊತೆ ಕಲಸಿಕೊಂಡು ಕನ್ನಡ ಅಕ್ಷರದಲ್ಲಿ ನಿಂತಿದೆ. ಮನಸ್ಸಿನಲ್ಲೇ ಓದಿದರೆ ಕಣ್ಣು ಎಡವುತ್ತದೆ, ಬಾಯಿಬಿಟ್ಟು ಓದಿದರೆ ಮಾತ್ರ ದಾರಿ ಸುಗಮ. ಹಾಗಾಗಿ ಇದನ್ನು ಒಬ್ಬರೇ ಓದಬಾರದು.

ಪಾತ್ರಕ್ಕೊಬ್ಬರಂತೆ ಪ್ರತಿ ತೆಗೆಸಿ, ಎರಡು ದಿನ ಮುಂಚೆ ಕೊಡಿ. ಒಂದು ಸಲ ಸುಮ್ಮನೆ ಓದಿಸಿ, ಎರಡನೆಯ ಸಲ ವೇಗ ಹೆಚ್ಚಿಸಿ. ಇಂಗ್ಲಿಷ್ ಪದ ಬಂದಾಗ ಈಗಿನ ಉಚ್ಚಾರಕ್ಕೆ ತಿದ್ದಬೇಡಿ. ಬರೆದ ಹಾಗೇ ಓದಿ, ಅರ್ಧ ಹಾಸ್ಯ ಅಲ್ಲೇ ಇದೆ. ಇಡೀ ನಾಟಕಕ್ಕೆ ಹೋಗದೆ ಹತ್ತು ಹನ್ನೆರಡು ನಿಮಿಷದ ಒಂದು ಸನ್ನಿವೇಶ ಸಾಕು. ಓದುವವರು ತಾವೇ ಮೊದಲು ನಕ್ಕುಬಿಡುವುದು ಎಲ್ಲರೂ ಮಾಡುವ ತಪ್ಪು. ಪಾತ್ರಕ್ಕೆ ತನ್ನ ಮಾತು ತಮಾಷೆ ಎಂದು ಗೊತ್ತಿರುವುದಿಲ್ಲ. ಓದುವವರ ಮುಖದಲ್ಲಿ ಗೊತ್ತಿದೆ ಎಂದು ಕಂಡರೆ ಕೇಳುವವರ ನಗು ಅಲ್ಲೇ ಇಂಗುತ್ತದೆ.

ನಡುನಡುವೆ ಬಿಡುವು ಬಿದ್ದಾಗ ದಿನಕರ ದೇಸಾಯಿಯವರ ಚೌಪದಿ ಇಟ್ಟುಕೊಳ್ಳಿ. ನಾಲ್ಕೇ ಸಾಲು, ಅರ್ಧ ನಿಮಿಷ. ತಿರುವು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಮೂರನೆಯ ಸಾಲು ಮುಗಿಸಿ ಒಂದು ಉಸಿರು ನಿಂತು, ನಾಲ್ಕನೆಯದಕ್ಕೆ ಹೋಗಿ. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಬೇಡ. ಬೀಚಿಯವರ ತಿಮ್ಮನ ತುಣುಕುಗಳಿಗೂ ಇದೇ ಮಾತು. ಒಂದಾದ ಮೇಲೊಂದು ಓದುತ್ತ ಹೋದರೆ ಆರನೆಯದರ ಹೊತ್ತಿಗೆ ತಿರುವು ಎಲ್ಲಿ ಬರುತ್ತದೆಂದು ಕಿವಿ ಊಹಿಸಿಬಿಡುತ್ತದೆ.

ಧಾರವಾಡ ಕಟ್ಟಿ:

ಮೈಸೂರು ಕಡೀದಷ್ಟ ಓದಬ್ಯಾಡ್ರಿ. ಬೇಂದ್ರೆಯವರ ನಾಟಕ ತಗೋರಿ, ‘ಸಾಯೋ ಆಟ’ ಅಂತ ಐತಿ. ಆದ್ರ ಒಂದ ಮಾತು. ನಮ್ಮ ಕಡೆ ಮಾತು ಬಾಯಾಗ ಇಲ್ಲದವರು ಅದನ್ನ ಅಣಕ ಮಾಡಿಧಂಗ ಎಳದೆಳದ ಓದ್ತಾರ. ಆವಾಗ ಮಂದಿ ನಾಟಕಕ್ಕ ನಗೂದಿಲ್ಲ, ನಮ್ಮ ಮಾತಿಗೆ ನಗ್ತಾರ. ಅದು ಆಗಬಾರದು. ನಿಮ್ಮ ಬಡಾವಣ್ಯಾಗ ಹುಬ್ಬಳ್ಳಿ, ಗದಗ, ಬೆಳಗಾವಿ ಕಡಿಯವರು ಒಬ್ಬರರ ಇರ್ತಾರ, ಅವರ ಕೈಯಾಗ ಕೊಡ್ರಿ. ಯಾರೂ ಸಿಗಲಿಲ್ಲಂದ್ರ ಬರದದ್ದನ್ನ ಬರದಂಗ, ನೆಟ್ಟಗ ಓದ್ರಿ, ಸಾಕು.

ಹಳೆಪುಟ:

ಪ್ರಬಂಧಗಳ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಕನ್ನಡದ ಹಾಸ್ಯದ ನಿಜವಾದ ಗಣಿ ಅಲ್ಲಿದೆ, ಮಕ್ಕಳಿಗೆ ಮುಚ್ಚಿಹೋಗಿರುವುದೂ ಅದೇ.

ಗೊರೂರರ ‘ಹಳ್ಳಿಯ ಚಿತ್ರಗಳು’ ತರಹದ ಬರಹ ಓದುವ ಮುಂಚೆ ಎರಡು ನಿಮಿಷದ ಬೀಗದಕೈ ಕೊಡಿ. ಅಮಲ್ದಾರರೆಂದರೆ ಈಗಿನ ತಹಸೀಲ್ದಾರರು. ಶಾನುಭೋಗರು ಊರಿನ ಲೆಕ್ಕ ಬರೆಯುತ್ತಿದ್ದವರು, ಪಟೇಲರು ಊರಿನ ಯಜಮಾನಿಕೆ ಮಾಡುತ್ತಿದ್ದವರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. 1957ರಲ್ಲಿ ನಯಾಪೈಸೆ ಬರುವವರೆಗೆ ಇದೇ ಲೆಕ್ಕ. ಮೂರು ಪೈಗೆ ಜಗಳವಾಡುವ ಪಾತ್ರ ಬಂದರೆ ಈ ಲೆಕ್ಕ ಗೊತ್ತಿಲ್ಲದ ಮಗುವಿಗೆ ಅದು ಬರೀ ಜಗಳ. ಬೀಗದಕೈಯನ್ನು ಓದುವ ಮುಂಚೆಯೇ ಕೊಡಬೇಕು. ಓದಿದ ಮೇಲೆ ವಿವರಿಸಿದರೆ ಅರ್ಥವಾಗುತ್ತದೆ, ನಗು ಬರುವುದಿಲ್ಲ. ಈ ಕೆಲಸವನ್ನು ನಿಮ್ಮ ಎಪ್ಪತ್ತು ದಾಟಿದವರಿಗೇ ವಹಿಸಿ. ಆಣೆ ಚಲಾವಣೆಯಲ್ಲಿದ್ದ ದಿನಗಳನ್ನು ಕಂಡವರು ಹೇಳಿದರೆ ಅದರ ತೂಕವೇ ಬೇರೆ.

ವಿಜ್ಞಾನದ ಹಾಸ್ಯ ಎಂಬ ಬಗೆಯನ್ನು ಯಾರೂ ಹೆಸರಿಸಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳೊಂದಿಗೆ ಗಿಡ ಹುಡುಕಿ ಕಾಡು ಸುತ್ತುವ ಆ ಬರಹದಲ್ಲಿ ಲ್ಯಾಟಿನ್ ಹೆಸರು ಬಂದಾಗ ಓದುವವರು ತಡವರಿಸುತ್ತಾರೆ. ಮುಂಚೆಯೇ ಪೆನ್ಸಿಲಿನಲ್ಲಿ ಅಕ್ಷರ ಬಿಡಿಸಿ ಬರೆದಿಟ್ಟುಕೊಳ್ಳಿ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಲ್ಲ ವಯಸ್ಸಿನವರಿಗೂ ಹತ್ತಿರವಾಗಬಹುದು. ಓದುವ ಮುಂಚೆ ಮೇಜಿನ ಮೇಲೆ ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ, ಕಡಲೆಕಾಯಿ ಜೊತೆಗೆ ಬದನೆಕಾಯಿಯನ್ನೂ ಇಟ್ಟು, ಇವುಗಳಲ್ಲಿ ಮೊದಲಿನಿಂದ ನಮ್ಮ ನೆಲದ್ದು ಯಾವುದು ಎಂದು ಕೇಳಿ. ಬದನೆಕಾಯಿ ಒಂದೇ ಎಂದು ತಿಳಿದಾಗ ಹಿರಿಯರು ಮಕ್ಕಳಷ್ಟೇ ಅಚ್ಚರಿಪಡುತ್ತಾರೆ. ಹುಳಿಗೆ ಮೆಣಸಿನಕಾಯಿ ಇಲ್ಲದ ಕಾಲ ಒಂದಿತ್ತು ಎಂದು ಹೊಳೆದ ಮೇಲೆ ಪುಸ್ತಕ ತೆರೆಯಿರಿ.

ಹತ್ತು ವರ್ಷದವರಿಗೆ ತೇಜಸ್ವಿಯವರ ‘ಪರಿಸರದ ಕತೆ’. ಒಂದೊಂದೂ ಬಿಡಿ ಪ್ರಸಂಗ, ಮಕ್ಕಳನ್ನು ಹಿಡಿದು ಕೂರಿಸಲು ಕಿವಿ ಎಂಬ ನಾಯಿಯೊಂದೇ ಸಾಕು. ಶಿಕಾರಿಯ ಪ್ರಸಂಗಗಳೂ ಇವೆ, ಮೊದಲೇ ಓದಿ ನೋಡಿಕೊಳ್ಳಿ. ‘ಕರ್ವಾಲೋ’ ಕಾದಂಬರಿಯನ್ನು ವಾರಕ್ಕೊಂದು ಅಧ್ಯಾಯ ಓದಬಹುದು. ಆದರೆ ಒಂದು ವಾರ ತಪ್ಪಿಸಿಕೊಂಡವರು ದಾರಿ ತಪ್ಪುತ್ತಾರೆ. ಪ್ರತಿ ವಾರ ಶುರುವಿನಲ್ಲಿ ಹೈಸ್ಕೂಲಿನವರೊಬ್ಬರು ಎರಡು ನಿಮಿಷ ಹಿಂದಿನ ಕಥೆ ಹೇಳಲಿ.

ಹೊತ್ತು ಕಡಿಮೆ ಇದ್ದ ವಾರ ‘ಕೊರವಂಜಿ’ಯಲ್ಲಿ ಬಂದ ಲೇಖನಗಳನ್ನು ನೋಡಿ. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’ ಎಂಬ ಹೆಸರಿನಲ್ಲಿ ಬರೆದವರು, 1942ರಲ್ಲಿ ಶುರುಮಾಡಿದ ಹಾಸ್ಯ ಪತ್ರಿಕೆ. ಟಿ. ಸುನಂದಮ್ಮನವರು ಬರಹಗಾರ್ತಿಯಾಗಿ ಬೆಳೆದದ್ದೂ ಅಲ್ಲಿ. ಮನೆಯೊಳಗಿನ ಹಾಸ್ಯವನ್ನು ಹೆಂಗಸಿನ ಕಣ್ಣಿನಿಂದ ಬರೆದವರು ಅವರು. ವ್ಯಂಗ್ಯಚಿತ್ರಗಳನ್ನು ಮಾತಿನಲ್ಲಿ ಬಣ್ಣಿಸಬೇಡಿ, ಪ್ರತಿಯನ್ನೇ ಕೈಯಿಂದ ಕೈಗೆ ದಾಟಿಸಿ.

ಪುಟ್ಟಕಪಾಟು:

ತುಂಬ ಉಪಯೋಗವಾಯಿತು. ಹಳೆಯ ಬರಹಗಳಲ್ಲಿ ಹೆಂಡತಿಯನ್ನೋ, ಒಂದು ಜಾತಿಯನ್ನೋ, ಕುಂಟು ಕುರುಡನ್ನೋ ಹಿಡಿದು ನಗಿಸುವ ಸಾಲು ಬಂದರೆ ಏನು ಮಾಡುವುದು? ಆ ಸಾಲು ಹಾರಿಸಿ ಓದಬಹುದೇ?

ಹಳೆಪುಟ:

ಸಾಲು ಹಾರಿಸಬೇಡಿ, ಬರಹವನ್ನೇ ಬದಲಿಸಿ. ಒಂದು ಸಾಲು ಕಿತ್ತರೆ ಮುಂದಿನ ಮಾತಿಗೆ ಆಧಾರ ತಪ್ಪುತ್ತದೆ, ಬರೆದವರಿಗೂ ಅನ್ಯಾಯ. ಆರಿಸುವಾಗಲೇ ಕೊನೆಯವರೆಗೆ ಓದಿ, ಕೋಣೆಯಲ್ಲಿ ಕೂತವರಲ್ಲಿ ಯಾರಾದರೂ ತಲೆ ತಗ್ಗಿಸುವಂತಿದ್ದರೆ ಅದನ್ನು ಬದಿಗಿಡಿ. ಹೈಸ್ಕೂಲಿನವರೊಂದಿಗೆ ಬೇರೆಯಾಗಿ ಕೂತಾಗ ಅಂಥದ್ದನ್ನೂ ಓದಬಹುದು. ಆಗ ನಗು ಯಾರ ಕಡೆ ತಿರುಗಿದೆ ಎಂದು ಕೇಳಿ. ಹದಿನಾಲ್ಕರ ವಯಸ್ಸಿನವರು ಇದನ್ನು ಚೆನ್ನಾಗಿ ಗುರುತಿಸುತ್ತಾರೆ.

ಹಿತ್ತಲಬೆಳಕು:

ಮುಂದಿನ ಭಾನುವಾರಕ್ಕೆ ಹೀಗೆ ಮಾಡಿ ನೋಡಿ. ನಾಯಿಮರಿ ಪದ್ಯ ಮತ್ತು ಸಿಗಡಿ ಕಥೆ 10 ನಿಮಿಷ, ತರಕಾರಿ ಇಟ್ಟುಕೊಂಡು ಸ್ವಾಮಿಯವರ ನಾಲ್ಕು ಪುಟ 15 ನಿಮಿಷ, ಎರಡು ಚೌಪದಿ, ಕೈಲಾಸಂ ಸನ್ನಿವೇಶ 12 ನಿಮಿಷ. ಉಳಿದ ಹೊತ್ತು ಖಾಲಿ ಬಿಡಿ. ಚಿಕ್ಕವರು ಸಿಗಡಿ ಕಥೆಯನ್ನು ಇನ್ನೊಮ್ಮೆ ಓದಿ ಎನ್ನುತ್ತಾರೆ. ಅವರು ಕೇಳಿದಾಗ ಇಲ್ಲವೆನ್ನದೆ ಓದಿ, ಈ ಸಲ ಹೈಸ್ಕೂಲಿನವರ ಕೈಯಲ್ಲಿ ಓದಿಸಿ.