ಪುಟ್ಟಿ, ಆ ಪೆರಾಕ್ಸೈಡ್ ಕಣ್ಣಿಗಲ್ಲ

ಪುಟ್ಟಿ, ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ನಿಂತುಬಿಟ್ಟಿದೆ, ಹಾಗಾಗಿ ಸ್ವಲ್ಪ ಉದ್ದವೇ ಆಗುತ್ತದೆ, ಕೇಳಿಸಿಕೋ. ಕಾಂಟ್ಯಾಕ್ಟ್ ಲೆನ್ಸ್ ನೆನೆಸಿಡುವ ಸೊಲ್ಯೂಷನ್ ಮುಗಿದಿದೆ, ಮೆಡಿಕಲ್ ಸ್ಟೋರ್‌ನ ಹೈಡ್ರೋಜನ್ ಪೆರಾಕ್ಸೈಡ್ ಹಾಕಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ, 'ಎರಡೂ ಒಂದೇ, ಹಾಕಮ್ಮ' ಅಂದಿದ್ದಾರೆ. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಒಂದೇ ಅಲ್ಲ. ಗಾಯ ತೊಳೆಯುವ ಬಾಟಲಿ ನಮ್ಮಲ್ಲಿ ಸಾಮಾನ್ಯವಾಗಿ 6 ಪರ್ಸೆಂಟ್. ಲೆನ್ಸ್‌ಗೆ ಅಂತಲೇ ಬರುವುದು 3 ಪರ್ಸೆಂಟ್. ಆ 3 ಪರ್ಸೆಂಟ್‌ನದ್ದು ಕೂಡ ನೇರವಾಗಿ ಕಣ್ಣಿಗೆ ಬಿದ್ದರೆ ಕಷ್ಟ.

ಆ 3 ಪರ್ಸೆಂಟ್ ಪೆರಾಕ್ಸೈಡ್‌ನ ಲೆನ್ಸ್ ಕಿಟ್ ಜೊತೆ ಒಂದು ಉದ್ದ ಡಬ್ಬಿ ಬರುತ್ತದಲ್ವಾ? ಒಳಗೆ ಎರಡು ಪುಟಾಣಿ ಬುಟ್ಟಿ, ತಳದಲ್ಲಿ ಒಂದು ಬೂದು ಬಿಲ್ಲೆ. ಎಲ್ಲ ಗುಟ್ಟೂ ಆ ಬಿಲ್ಲೆಯಲ್ಲೇ, ಅದಕ್ಕೆ ಪ್ಲಾಟಿನಂ ಲೇಪ ಇರುತ್ತದೆ. ಸೊಲ್ಯೂಷನ್ ತಾಗಿದ ಕೂಡಲೇ ಗೋಲಿ ಸೋಡಾ ಒಡೆದ ಹಾಗೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಆಗುವುದು ಹಾಗೆ. ಗಾಳಿ ಹೋಗಲಿ ಅಂತ ಮುಚ್ಚಳದಲ್ಲಿ ತೂತಿದೆ, ಡಬ್ಬಿ ನೆಟ್ಟಗೆ ನಿಂತಿರಬೇಕು. ಗುಳ್ಳೆ ಕಮ್ಮಿಯಾಯಿತು ಅಂತ ತೆಗೆಯಬೇಡ, 6 ಗಂಟೆ ಬಿಡಲೇಬೇಕು. ನಿನ್ನ ಚಪ್ಪಟೆ ಡಬ್ಬಿಯಲ್ಲಿ ಬಿಲ್ಲೆ ಇಲ್ಲ, ರಾತ್ರಿಯಿಡೀ ಇಟ್ಟರೂ ಪೆರಾಕ್ಸೈಡ್ ಪೆರಾಕ್ಸೈಡಾಗಿಯೇ ಇರುತ್ತದೆ.

ನನ್ನ ಕಥೆ ಕೇಳು. ಒಂದು ಬೆಳಗ್ಗೆ ಆಫೀಸ್ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು. ಲೆನ್ಸ್ ಮೇಲೆ ಏನೋ ಧೂಳು. ಸುಮ್ನೆ ಲೆನ್ಸ್ ಪೆರಾಕ್ಸೈಡ್ ಬಾಟಲಿಯಿಂದಲೇ ಎರಡು ಹನಿ ಬಿಟ್ಟು ತೊಳೆದು ಹಾಕಿಕೊಂಡೆ. ಅಯ್ಯೋ! ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿದ ಹಾಗೆ, ಅದಕ್ಕಿಂತ ಹತ್ತರಷ್ಟು ಜಾಸ್ತಿ. ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿತು, ಲೆನ್ಸ್ ತೆಗೆಯಲೂ ಬಿಡಲಿಲ್ಲ. ಹೇಗೋ ಕಿತ್ತು, ನಲ್ಲಿ ಕೆಳಗೆ ಕಾಲು ಗಂಟೆ ಕಣ್ಣು ತೊಳೆದುಕೊಂಡು ಡಾಕ್ಟರ ಹತ್ತಿರ ಓಡಿದೆ. ಬಾಟಲಿಗೆ ಕೆಂಪು ಮೂತಿ ಯಾಕೆ ಇಟ್ಟಿದ್ದಾರೆ ಅಂತ ಅವತ್ತು ಗೊತ್ತಾಯಿತು. ಈಗ ತೊಳೆಯುವುದಿದ್ದರೆ ಲೆನ್ಸ್‌ಗೆ ಅಂತ ಬರುವ ಸಲೈನ್ ಮಾತ್ರ. ಕಣ್ಣುರಿದಾಗ ನಲ್ಲಿ ನೀರು ಸರಿ, ಆದರೆ ಲೆನ್ಸ್ ತೊಳೆಯಲು ಕಾವೇರಿ ನೀರೂ ಬೇಡ, ಬೋರ್‌ವೆಲ್ ನೀರೂ ಬೇಡ. ಅಕಾಂತಮೀಬಾ ಅಂತ ಒಂದು ಕ್ರಿಮಿ ನೀರಿನಲ್ಲಿರುತ್ತದೆ, ಕಣ್ಣಿಗೆ ಹತ್ತಿದರೆ ಬಿಡುವುದು ಕಷ್ಟ.

ಇನ್ನೊಂದು, ಬಿಲ್ಲೆ ಕೆಲಸ ಮುಗಿಸಿದ ಮೇಲೆ ಡಬ್ಬಿಯಲ್ಲಿ ಉಳಿಯುವುದು ಬರೀ ಉಪ್ಪುನೀರು, ಕ್ರಿಮಿ ತಡೆಯುವ ಶಕ್ತಿ ಅದಕ್ಕಿಲ್ಲ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಹೊಸದಾಗಿ ಸೊಲ್ಯೂಷನ್ ಹಾಕಿ ಮತ್ತೆ 6 ಗಂಟೆ ಇಡು. ಬಿಲ್ಲೆಯೂ ಸವೆಯುತ್ತದೆ, ಹೊಸ ಬಾಟಲಿ ಜೊತೆ ಬಂದ ಹೊಸ ಡಬ್ಬಿಯನ್ನೇ ಬಳಸು.

ಈಗಾಗಲೇ ಮೆಡಿಕಲ್ ಸ್ಟೋರ್‌ನ ಪೆರಾಕ್ಸೈಡ್‌ನಲ್ಲಿ ನೆನೆಸಿಟ್ಟಿದ್ದರೆ ಆ ಜೋಡಿ ಎಸೆದುಬಿಡು. ಇವತ್ತು ಕನ್ನಡಕ ಹಾಕಿಕೊಂಡು ಹೋಗು. ಸಂಜೆ ಮಲ್ಲೇಶ್ವರಕ್ಕೆ ಹೋಗುತ್ತೇನೆ, ಕಿಟ್ ತರಲಾ ಹೇಳು.